ಬೀದಿಗೆ ಹೊಗೆ, ಎದೆಯಲ್ಲಿ ನೀರು

ಮುಂಗಾರು ಹಿಡಿದು ಕೆಲವು ವಾರ ಕಳೆಯುವಷ್ಟರಲ್ಲಿ ಮಲೆನಾಡಿನ ಪೇಟೆಗಳಲ್ಲಿ ಹೊಗೆಯಂತ್ರದ ಸದ್ದು ಕೇಳಿಬರುತ್ತದೆ. ಡೀಸೆಲ್‌ನಲ್ಲಿ ಕೀಟನಾಶಕ ಬೆರೆಸಿ ಉಗುಳುವ ಬಿಳಿ ಹೊಗೆ ಓಣಿ ಓಣಿಯನ್ನು ಆವರಿಸುತ್ತದೆ. ಡೆಂಗ್ಯೂ ವಿರುದ್ಧ ಆಡಳಿತ ಸಮರ ಸಾರಿದೆಯೆಂದು ಜನರು ನೆಮ್ಮದಿಪಡುತ್ತಾರೆ. ಅದೇ ಹೊತ್ತಿನಲ್ಲಿ, ಜ್ವರ ಇಳಿಯಿತೆಂದು ಆಸ್ಪತ್ರೆಯಿಂದ ಮನೆಗೆ ಮರಳಿದ ರೋಗಿಯ ಎದೆಯಲ್ಲಿ ನೀರು ತುಂಬುತ್ತಿರಬಹುದು. ಹೊಗೆ ಎಲ್ಲರ ಕಣ್ಣಿಗೆ ಕಾಣುತ್ತದೆ, ಈ ನೀರು ಕಾಣುವುದಿಲ್ಲ. ಸಾರ್ವಜನಿಕ ಹಣವಾದರೋ ಕಾಣುವುದರ ಬೆನ್ನು ಹತ್ತಿದೆ.

ಡೆಂಗ್ಯೂ ಎಂದೊಡನೆ ಜನರ ನಾಲಗೆಯ ಮೇಲೆ ಬರುವ ಮಾತು ಪ್ಲೇಟ್‌ಲೆಟ್. ಆದರೆ ಈ ರೋಗ ಕೊಲ್ಲುವ ಮುಖ್ಯ ಬಗೆಯೇ ಬೇರೆ. ವೈರಸ್ಸಿನ ದಾಳಿಯಿಂದಲೂ ಅದಕ್ಕೆ ದೇಹ ತೋರುವ ಅತಿಯಾದ ಪ್ರತಿಕ್ರಿಯೆಯಿಂದಲೂ ಸೂಕ್ಷ್ಮ ರಕ್ತನಾಳಗಳ ಒಳಪದರ ಸಡಿಲಗೊಳ್ಳುತ್ತದೆ. ರಕ್ತದ ದ್ರವಭಾಗವಾದ ಪ್ಲಾಸ್ಮಾ ಹೊರಗೆ ಸೋರಿ, ಶ್ವಾಸಕೋಶವನ್ನು ಸುತ್ತುವರಿದ ಪೊರೆಗಳ ನಡುವೆ ಮತ್ತು ಹೊಟ್ಟೆಯಲ್ಲಿ ಸೇರುತ್ತದೆ. ನಾಳಗಳಲ್ಲಿ ಉಳಿದ ರಕ್ತ ಗಟ್ಟಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಶ್ವಾಸಕೋಶ ಪೂರ್ತಿ ಹಿಗ್ಗಲಾರದೆ ಉಸಿರು ಮೇಲುಮೇಲಾಗುತ್ತದೆ. ಕೆಲವರಲ್ಲಿ ಶ್ವಾಸಕೋಶದ ಗಾಳಿಗೂಡುಗಳೊಳಕ್ಕೇ ದ್ರವ ಇಳಿಯುತ್ತದೆ. ಅಪರೂಪಕ್ಕೆ ರಕ್ತಸ್ರಾವವೂ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ತೀವ್ರ ಡೆಂಗ್ಯೂವಿನ ಲಕ್ಷಣಗಳನ್ನು ಹೇಳುವಾಗ ದ್ರವ ಸೋರಿಕೆಯಿಂದಾಗುವ ಉಸಿರಾಟದ ತೊಂದರೆಯನ್ನು ಸ್ಪಷ್ಟವಾಗಿಯೇ ಹೆಸರಿಸಿದೆ.

ಈ ಸೋರಿಕೆಗೆ ಒಂದು ಗೊತ್ತಾದ ಗಳಿಗೆಯಿದೆ. ಸಾಮಾನ್ಯವಾಗಿ ಕಾಯಿಲೆಯ ಮೂರರಿಂದ ಏಳನೆಯ ದಿನದೊಳಗೆ, ಜ್ವರ ಇಳಿಯುವ ಹೊತ್ತಿಗೆ ಅದು ಆರಂಭವಾಗುತ್ತದೆ. 24ರಿಂದ 48 ಗಂಟೆ ನಡೆಯುತ್ತದೆ. ಎಂದರೆ, ಮನೆಯವರು ನಿಟ್ಟುಸಿರು ಬಿಡುವ ದಿನವೇ ಅಪಾಯದ ದಿನ. ಬಿಡದೆ ಕಾಡುವ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನ ರಕ್ತ, ಮಂಪರು, ಚಡಪಡಿಕೆ, ಏದುಸಿರು ಕಂಡರೆ ಒಂದು ರಾತ್ರಿಯೂ ಕಾಯುವಂತಿಲ್ಲ. ಆ ಅವಧಿ ದಾಟಿದ ಬಳಿಕ ಸೋರಿದ ದ್ರವ ತಾನಾಗಿಯೇ ರಕ್ತಕ್ಕೆ ಮರಳುತ್ತದೆ. ಆಗಲೂ ಮೊದಲಿನ ವೇಗದಲ್ಲೇ ಡ್ರಿಪ್ ಹರಿಯುತ್ತಿದ್ದರೆ, ಹೊರಗಿನ ನೀರೂ ಒಳಗಿನ ನೀರೂ ಕೂಡಿ ಶ್ವಾಸಕೋಶ ಮುಳುಗುತ್ತದೆ. ಮೊದಲ ದಿನ ಜೀವ ಉಳಿಸಿದ ಸಲೈನ್ ಮೂರನೆಯ ದಿನ ಜೀವಕ್ಕೆ ಮುಳುವಾಗಬಹುದು. ಆದುದರಿಂದ ಇಲ್ಲಿ ಔಷಧಿಗಿಂತ ದೊಡ್ಡದು ಗಂಟೆ ಗಂಟೆಗೆ ನೋಡುವ ಕಣ್ಣು: ನಾಡಿ, ರಕ್ತದೊತ್ತಡ, ಮೂತ್ರದ ಪ್ರಮಾಣ, ಉಸಿರಿನ ವೇಗ ಮತ್ತು ರಕ್ತ ಎಷ್ಟು ಗಟ್ಟಿಯಾಗಿದೆಯೆಂದು ತಿಳಿಸುವ ಹೆಮಟೊಕ್ರಿಟ್ ಪರೀಕ್ಷೆ.

ಇವುಗಳಲ್ಲಿ ಯಾವುದೂ ದುಬಾರಿಯಲ್ಲ. ಆದರೂ ರೋಗಿಯ ಬಂಧುಗಳು ಪ್ಲೇಟ್‌ಲೆಟ್ ಚೀಲಕ್ಕಾಗಿ ರಕ್ತನಿಧಿಯಿಂದ ರಕ್ತನಿಧಿಗೆ ಅಲೆಯುತ್ತಾರೆ, ಒಡವೆ ಅಡವಿಡುತ್ತಾರೆ. ಸಿಂಗಪುರ ಮತ್ತು ಮಲೇಷ್ಯಾಗಳಲ್ಲಿ ನಡೆದು 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಪ್ಲೇಟ್‌ಲೆಟ್ 20,000 ಅಥವಾ ಅದಕ್ಕೂ ಕೆಳಗಿಳಿದಿದ್ದ, ಆದರೆ ತೀವ್ರ ರಕ್ತಸ್ರಾವವಿಲ್ಲದ 372 ವಯಸ್ಕರನ್ನು ಎರಡು ಗುಂಪು ಮಾಡಿ ಪರೀಕ್ಷಿಸಿತು. ಮುಂಜಾಗ್ರತೆಯಾಗಿ ಪ್ಲೇಟ್‌ಲೆಟ್ ಕೊಟ್ಟದ್ದರಿಂದ ರಕ್ತಸ್ರಾವ ತಪ್ಪಲಿಲ್ಲ. ಬದಲಿಗೆ ಕೊಟ್ಟ ಗುಂಪಿನಲ್ಲಿ 13 ದುಷ್ಪರಿಣಾಮಗಳೂ ಕೊಡದ ಗುಂಪಿನಲ್ಲಿ 2 ದುಷ್ಪರಿಣಾಮಗಳೂ ಕಂಡವು. ಶ್ವಾಸಕೋಶಕ್ಕಾದ ಹಾನಿಯೂ ಅವುಗಳಲ್ಲಿ ಸೇರಿತ್ತು. ನಿಜವಾಗಿ ರಕ್ತ ಸುರಿಯುತ್ತಿರುವವರಿಗೆ ಪ್ಲೇಟ್‌ಲೆಟ್ ಬೇಕಾದೀತು. ಆದರೆ ವರದಿಯ ಅಂಕಿಗೆ ಹೆದರಿ ಏರಿಸುವ ಚೀಲದಿಂದ ಲಾಭವಾಗುವುದು ರೋಗಿಗಲ್ಲ. ಪಪಾಯ ಎಲೆಯ ರಸವನ್ನು ನಂಬಿ ಆಸ್ಪತ್ರೆಯನ್ನು ಮುಂದೂಡುವುದೂ ಇದೇ ಭ್ರಮೆಯ ಇನ್ನೊಂದು ಮುಖ.

ಇನ್ನು ಹೊಗೆಯ ಮಾತು. ಫಾಗಿಂಗ್ ಹಾರಾಡುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ. ನೀರಿನಲ್ಲಿರುವ ಮರಿಗಳನ್ನು ಅದು ಮುಟ್ಟುವುದಿಲ್ಲ. ಕೆಲವೇ ದಿನಗಳಲ್ಲಿ ಹೊಸ ಸೊಳ್ಳೆಗಳು ರೆಕ್ಕೆ ಬಿಚ್ಚುತ್ತವೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆಗಳಂತೂ ಒಣಗಿದ ಪಾತ್ರೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಬಲ್ಲವು. ರೋಗ ಸ್ಫೋಟಿಸಿದಾಗ ತುರ್ತಿಗೆಂದು ಬಳಸಬೇಕಾದ ಉಪಾಯ, ವರ್ಷವರ್ಷದ ಪ್ರದರ್ಶನವಾಗಿಬಿಟ್ಟಿದೆ. ಶ್ವಾಸಕೋಶವನ್ನು ಕೆಡಿಸುವ ಕಾಯಿಲೆಯ ಹೆಸರಿನಲ್ಲಿ ಉಬ್ಬಸದ ಮಕ್ಕಳಿಗೂ ವೃದ್ಧರಿಗೂ ಡೀಸೆಲ್ ಹೊಗೆ ಕುಡಿಸುವುದು ಯಾವ ನ್ಯಾಯ?

2024ರಲ್ಲಿ ಆಗಸ್ಟ್ ಮುಗಿಯುವಷ್ಟರಲ್ಲಿ ರಾಜ್ಯದಲ್ಲಿ 24 ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿದ್ದವು. ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಪಡಿಸಿತು: ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200 ರೂಪಾಯಿ, ಕಟ್ಟಡ ಕಾಮಗಾರಿಯ ಸ್ಥಳಕ್ಕೆ ನಗರದಲ್ಲಿ 2,000, ಹಳ್ಳಿಯಲ್ಲಿ 1,000. ಕೋಟಿಗಟ್ಟಲೆ ಸುರಿದು ಗುಡ್ಡ ಕಡಿದು ರೆಸಾರ್ಟ್ ಎಬ್ಬಿಸುವವನಿಗೆ ಒಂದು ಸಾವಿರ ರೂಪಾಯಿ ದಂಡವೇ, ಅಥವಾ ಪರವಾನಗಿಯ ಶುಲ್ಕವೇ? ನಲ್ಲಿಯಲ್ಲಿ ದಿನ ಬಿಟ್ಟು ದಿನವೂ ನೀರು ಬಾರದ ಕೇರಿಯ ಹೆಂಗಸು ಕೊಡ, ಡ್ರಮ್ಮುಗಳಲ್ಲಿ ನೀರು ಹಿಡಿದಿಡದೆ ಏನು ಮಾಡಬೇಕು? ನೀರು ಕೊಡಲಾರದ ಆಡಳಿತ, ನೀರು ಕೂಡಿಟ್ಟವಳಿಗೆ ದಂಡ ಹಾಕಹೊರಟಿದೆ.

ತೋಟಗಳ ಪಾಲೂ ಇದರಲ್ಲಿದೆ, ಅದನ್ನು ಮುಚ್ಚಿಡಬೇಕಿಲ್ಲ. ಬಿದ್ದ ಅಡಿಕೆ ಹಾಳೆ, ಮಳೆಗಾಲದಲ್ಲಿ ಮರಕ್ಕೆ ಕಟ್ಟಿಯೇ ಬಿಟ್ಟ ರಬ್ಬರ್ ಬಟ್ಟಲು, ತೆಂಗಿನ ಕರಟ, ಪ್ರವಾಸಿಗರು ಎಸೆದ ಪ್ಲಾಸ್ಟಿಕ್ ಲೋಟ, ಎಲ್ಲವೂ ಈಡಿಸ್ ಸೊಳ್ಳೆಯ ತೊಟ್ಟಿಲುಗಳೇ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆ ಉಣ್ಣೆಯಿಂದ ಹರಡುವಂಥದು, ಡೆಂಗ್ಯೂ ಸೊಳ್ಳೆಯಿಂದ. ಆದರೆ ನೆಲವನ್ನು ಬಳಸುವ ರೀತಿಗೂ ಜ್ವರಕ್ಕೂ ನಂಟಿದೆಯೆಂಬ ಪಾಠ ಎರಡರದೂ ಒಂದೇ.

ಆಗಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಮಟೊಕ್ರಿಟ್ ಪರೀಕ್ಷೆ, ಮಕ್ಕಳಿಗೆ ಹೊಂದುವ ರಕ್ತದೊತ್ತಡದ ಪಟ್ಟಿ, ಬೆರಳಿಗೆ ತೊಡಿಸಿ ಆಮ್ಲಜನಕ ಅಳೆಯುವ ಸಾಧನ ಇರಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಮಳೆಗಾಲದುದ್ದಕ್ಕೂ ರಾತ್ರಿ ಪಾಳಿಯ ದಾದಿಯರೂ ಎದೆಯ ನೀರನ್ನು ಗುರುತಿಸುವ ಸ್ಕ್ಯಾನಿಂಗ್ ವ್ಯವಸ್ಥೆಯೂ ಇರಬೇಕು. ಜ್ವರ ಇಳಿದ ಬಳಿಕದ ಎರಡು ದಿನ ಆಶಾ ಕಾರ್ಯಕರ್ತೆಯರು ರೋಗಿಯ ಮನೆಗೆ ಹೋಗಿಬರಬೇಕು. ಆ ಕೆಲಸಕ್ಕೆ ತಕ್ಕ ಸಂಭಾವನೆ ಅವರಿಗೆ ಸಲ್ಲಬೇಕು. ಪ್ರತಿ ಡೆಂಗ್ಯೂ ಸಾವಿನ ಪರಿಶೀಲನಾ ವರದಿ, ರೋಗಿಯ ಹೆಸರಿಲ್ಲದೆ, ಗ್ರಾಮಸಭೆಯ ಮುಂದೆ ಬರಬೇಕು. ಕಟ್ಟಡದ ಮಾಲೀಕನಿಗೆ ದಂಡವಲ್ಲ, ಕಾಮಗಾರಿ ತಡೆಯಬೇಕು.

ಜಿಲ್ಲಾಸ್ಪತ್ರೆಗೆ ಎರಡು ಮೂರು ಗಂಟೆಯ ಘಟ್ಟದ ಹಾದಿಯಿರುವ ಹಳ್ಳಿಗಳಿಗೆ ಇದು ವಾದದ ವಿಷಯವಲ್ಲ, ಉಸಿರಿನ ವಿಷಯ. ಮುಂದಿನ ಗ್ರಾಮಸಭೆಯಲ್ಲಿ ಹೊಗೆಯಂತ್ರದ ಖರ್ಚಿನ ಬಿಲ್ಲು ಮಂಡನೆಯಾದಾಗ, ಹೆಮಟೊಕ್ರಿಟ್ ಯಂತ್ರದ ಬಿಲ್ಲು ಎಲ್ಲಿದೆಯೆಂದು ಪ್ರತಿ ಊರಿನವರೂ ಎದ್ದು ನಿಂತು ಕೇಳಬೇಕು.