ಆಳನ್ನು ಕೊಟ್ಟು ಆಳನ್ನು ಕೊಳ್ಳುವ ಪೇಟೆ

ರೋಣ, ನರಗುಂದ, ಗಜೇಂದ್ರಗಡದ ಪೇಟೆಗಳಿಗೆ ಹೊಸ ಹತ್ತಿ ಬರುವ ಹೊತ್ತಿಗೇ ಈ ದೇಶದಲ್ಲಿ ಇನ್ನೊಂದು ಪೇಟೆಯೂ ತೆರೆಯುತ್ತದೆ. ಅಲ್ಲಿ ತೂಗುವುದು ಹತ್ತಿಯನ್ನಲ್ಲ, ಕ್ರಿಕೆಟ್ ಆಟಗಾರರನ್ನು. ಐ.ಪಿ.ಎಲ್. ತಂಡಗಳ ಧಣಿಗಳು ಹರಾಜಿಗೆ ಮುಂಚೆ ತಮ್ಮ ತಮ್ಮೊಳಗೆ ಆಟಗಾರರನ್ನು ಕೊಟ್ಟು ತೆಗೆದುಕೊಳ್ಳುತ್ತಾರೆ. ಬೌಲರನನ್ನು ಕೊಡುವುದು, ವಿಕೆಟ್ ಕೀಪರನನ್ನು ತರುವುದು, ತೂಕ ಕಡಿಮೆ ಬಿದ್ದರೆ ಮೇಲೆ ರೊಕ್ಕ ಸೇರಿಸುವುದು: ಇದಕ್ಕೆ ‘ಟ್ರೇಡ್’ ಎಂದು ಹೆಸರು. ಯಾವ ತಂಡಕ್ಕೆ ಲಾಭವಾಯಿತು, ಯಾವುದಕ್ಕೆ ಲುಕ್ಸಾನಾಯಿತು ಎಂದು ಚಹಾದಂಗಡಿಗಳಲ್ಲಿ ನಮ್ಮ ಜನ ಗಂಟೆಗಟ್ಟಲೆ ವಾದಿಸುತ್ತಾರೆ. ನಾವು ಕೇಳಬೇಕೆಂದಿರುವ ಪ್ರಶ್ನೆ ಬೇರೆ. ಕೈ ಬದಲಾದ ಆ ಮನುಷ್ಯನ ಮಾತಿಗೆ ಈ ವ್ಯಾಪಾರದಲ್ಲಿ ಎಷ್ಟು ತೂಕವಿದೆ?

ಮೊದಲು ಧಣಿಯ ಲೆಕ್ಕವನ್ನೂ ನ್ಯಾಯವಾಗಿ ನೋಡೋಣ. ಹನ್ನೊಂದು ಜನರಲ್ಲಿ ವಿಕೆಟ್ ಕೀಪರ ಒಬ್ಬನೇ. ಅವನ ಬೆರಳು ಮುರಿದರೆ ಗ್ಲೌಸನ್ನು ಕಂಡವರ ಕೈಗೆ ಕೊಡಲಾಗುವುದಿಲ್ಲ. ಆದ್ದರಿಂದ ಪ್ರತಿ ತಂಡವೂ ಒಬ್ಬ ಬದಲಿ ಕೀಪರನನ್ನು ಇಟ್ಟುಕೊಳ್ಳಲೇಬೇಕು. ಗಿರಣಿಯ ಕಾರ್ಮಿಕರಿಗೆ ‘ಬದಲಿ’ ಎಂಬ ಮಾತಿನ ಅರ್ಥ ಹೇಳಿಕೊಡಬೇಕಾಗಿಲ್ಲ. ಕಾಯಂ ಆಳು ಗೈರುಹಾಜರಾದ ದಿನ ಅವನಿಗೆ ಕೆಲಸ. ಉಳಿದ ದಿನ ಗೇಟಿನ ಮುಂದೆ ಕಾಯುವುದೇ ಕೆಲಸ. ಬದಲಿ ಕೀಪರನೂ ಇಂಥವನೇ. ಇಡೀ ಹಂಗಾಮು ನೀರಿನ ಬಾಟಲಿ ಹೊತ್ತು, ಒಂದು ದಿನ ಹಠಾತ್ತನೆ ಕರೆ ಬಂದಾಗ ತಪ್ಪಿಲ್ಲದೆ ಹಿಡಿಯಬೇಕು. ಅಂಥವನಿಗಾಗಿ ಒಬ್ಬ ಹೊಸ ಬೌಲರನನ್ನು ಬಿಟ್ಟುಕೊಡುವುದು ಮೂರ್ಖತನವೆಂದು ನಾವು ಹೇಳುವುದಿಲ್ಲ. ಮುಂದೆ ಫಲ ಕೊಡಬಹುದಾದ ಸಸಿಗಿಂತ ಇಂದು ಬೇಕಾದ ಕಾಳು ದೊಡ್ಡದು ಎಂದು ಎಣಿಸುವ ದಿನಗಳು ಅಂಗಡಿಕಾರನಿಗೂ ಬರುತ್ತವೆ. ಆದರೆ ಸಸಿಗೆ ಮನಸ್ಸಿಲ್ಲ, ಕಾಳಿಗೆ ಮನೆಮಾರಿಲ್ಲ. ಮನುಷ್ಯನಿಗೆ ಎರಡೂ ಇವೆ.

ನಮ್ಮ ನಾಡಿನ ಉದಾಹರಣೆಗಳನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ತಂಡ 2018ರ ಹರಾಜಿನಲ್ಲಿ ಕೀಪರ ಕ್ವಿಂಟನ್ ಡಿ ಕಾಕ್ ಅವರನ್ನು 2.8 ಕೋಟಿ ರೂಪಾಯಿಗೆ ಕೊಂಡು, ಅದೇ ವರ್ಷ ಮುಂಬಯಿಗೆ ದಾಟಿಸಿತು. ಅವರಿಗೆ ಜಾಗ ಮಾಡಲು ಮುಂಬಯಿ ಮುಸ್ತಫಿಜುರ್ ರಹಮಾನ್, ಅಕಿಲ ಧನಂಜಯ ಎಂಬ ಇಬ್ಬರು ಬೌಲರರನ್ನು ಕೈಬಿಟ್ಟಿತು. ಮರುವರ್ಷ, 2019ರ ನವೆಂಬರಿನಲ್ಲಿ, ದಿಲ್ಲಿಯ ತಂಡ ಪಂಜಾಬಿನಿಂದ ಆರ್. ಅಶ್ವಿನ್ ಅವರನ್ನು ತಂದಿತು. ಬದಲಿಗೆ ಕೊಟ್ಟದ್ದು ಮೈಸೂರಿನ ಎಡಗೈ ಬೌಲರ ಜೆ. ಸುಚಿತ್ ಅವರನ್ನು, ಜೊತೆಗೆ ಒಂದೂವರೆ ಕೋಟಿ ರೂಪಾಯಿ. ಒಬ್ಬ ಮನುಷ್ಯ ಮತ್ತು ಒಂದಷ್ಟು ರೊಕ್ಕ ಒಂದೇ ತಕ್ಕಡಿಯಲ್ಲಿ ಕೂತವು.

ಅದೇ ತಿಂಗಳು ಕರ್ನಾಟಕದ ಇನ್ನೊಬ್ಬ ಬೌಲರ ಕೆ. ಗೌತಮ್ ರಾಜಸ್ಥಾನದಿಂದ ಪಂಜಾಬಿಗೆ ಹೋದರು. ಅವರ ಧಾರಣಿಯ ಏರಿಳಿತವನ್ನು ನಮ್ಮ ಅಡತಿ ವ್ಯಾಪಾರಿಗಳು ಗಮನಿಸಬೇಕು. 2017ರಲ್ಲಿ 2 ಕೋಟಿ, 2018ರಲ್ಲಿ 6.2 ಕೋಟಿ, 2021ರಲ್ಲಿ 9.25 ಕೋಟಿ, 2022ರಲ್ಲಿ 90 ಲಕ್ಷ. ಒಂಬತ್ತೂಕಾಲು ಕೋಟಿ ಕೊಟ್ಟ ಚೆನ್ನೈ ತಂಡ ಆ ವರ್ಷ ಅವರನ್ನು ಒಂದು ಪಂದ್ಯದಲ್ಲೂ ಆಡಿಸಲಿಲ್ಲ. ಮರುವರ್ಷ ಬೆಲೆ ಹತ್ತನೆಯ ಒಂದು ಪಾಲಿಗೆ ಇಳಿಯಿತು. ಅದೇ ಕೈ, ಅದೇ ಚೆಂಡು. ಹತ್ತಿಯ ಧಾರಣಿ ಬಿದ್ದಾಗ ಬೆಳೆದವನ ಬೆವರು ಕಡಿಮೆಯಾಗಿರುವುದಿಲ್ಲ ಎಂಬುದನ್ನು ನಮ್ಮ ಜನ ಚೆನ್ನಾಗಿ ಬಲ್ಲರು.

ಆಟಗಾರನ ಲಿಖಿತ ಒಪ್ಪಿಗೆಯಿಲ್ಲದೆ ವಿನಿಮಯ ನಡೆಯುವಂತಿಲ್ಲವೆಂದು ನಿಯಮವಿದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಇದೆ, ನಿಜ. ಆದರೆ ಆ ಒಪ್ಪಿಗೆಯ ಬೆಲೆ ಏನು ಎಂಬುದನ್ನು ರವೀಂದ್ರ ಜಡೇಜರ ಕತೆ ತೋರಿಸುತ್ತದೆ. 2010ರಲ್ಲಿ ಅವರು ರಾಜಸ್ಥಾನದ ಕರಾರಿಗೆ ಸಹಿ ಹಾಕದೆ ಬೇರೆ ತಂಡದೊಡನೆ ತಮ್ಮ ಸಂಬಳದ ಮಾತಾಡಿದರು. ಅದಕ್ಕಾಗಿ ಇಡೀ ಒಂದು ಹಂಗಾಮು ಆಡದಂತೆ ಅವರನ್ನು ನಿಷೇಧಿಸಿದರು. 2025ರ ನವೆಂಬರಿನಲ್ಲಿ ಅದೇ ಜಡೇಜರನ್ನು, ಸ್ಯಾಮ್ ಕರನ್ ಜೊತೆಗೂಡಿಸಿ, ಚೆನ್ನೈ ತಂಡ ಅದೇ ರಾಜಸ್ಥಾನಕ್ಕೆ ಕೊಟ್ಟು ಕೀಪರ ಸಂಜು ಸ್ಯಾಮ್ಸನ್ ಅವರನ್ನು ತಂದಿತು. ಜಡೇಜರ ಸಂಬಳ 18 ಕೋಟಿಯಿಂದ 14 ಕೋಟಿಗೆ ಇಳಿಯಿತು. ಈ ಸಲ ಯಾರಿಗೂ ಶಿಕ್ಷೆಯಾಗಲಿಲ್ಲ. ಆಟಗಾರ ತಾನಾಗಿ ಮಾತಾಡಿದರೆ ಅಪರಾಧ, ಧಣಿಗಳು ಮಾತಾಡಿಕೊಂಡರೆ ವ್ಯಾಪಾರ! ಹೂಂ ಎನ್ನಲು ಮಾತ್ರ ಬಾಯಿ ಕೊಟ್ಟು, ಬೇರೆ ಬಾಗಿಲು ತಟ್ಟಲು ಕೈ ಕೊಡದಿದ್ದರೆ ಅದನ್ನು ಪೂರ್ಣ ಒಪ್ಪಿಗೆ ಎನ್ನಲು ಸಾಧ್ಯವೆ?

ಕೋಟಿ ಎಣಿಸುವವರಿಗಾಗಿ ಪಗಾರ ಎಣಿಸುವ ನಾವೇಕೆ ಮರುಗಬೇಕು ಎಂದು ನಮ್ಮ ಓದುಗರು ಕೇಳಬಹುದು. ಕೇಳತಕ್ಕ ಮಾತೇ. ಇದಕ್ಕೆ ಉತ್ತರ ಅಮೆರಿಕದ ಬೇಸ್‌ಬಾಲ್ ಆಟದ ಚರಿತ್ರೆಯಲ್ಲಿದೆ. ಚೆಂಡೆಸೆಯುವ ಹೊಸ ಹುಡುಗನನ್ನು ಕೊಟ್ಟು, ಹಿಂದೆ ನಿಂತು ಹಿಡಿಯುವ ಬದಲಿ ಆಳನ್ನು ತರುವುದು ಆ ಆಟದಲ್ಲಿ ಬಹು ಹಳೆಯ ರೂಢಿ. 1969ರಲ್ಲಿ ಸೇಂಟ್ ಲೂಯಿಸ್ ತಂಡ ಕರ್ಟ್ ಫ್ಲಡ್ ಎಂಬ ಕರಿಯ ಆಟಗಾರನನ್ನು, ಚೆಂಡು ಹಿಡಿಯುವ ಟಿಮ್ ಮೆಕಾರ್ವರ್ ಮೊದಲಾದವರೊಡನೆ, ಫಿಲಡೆಲ್ಫಿಯಾ ತಂಡಕ್ಕೆ ಕೊಟ್ಟಿತು. ಫ್ಲಡ್ ಹೋಗಲು ಒಪ್ಪಲಿಲ್ಲ. ಆತನ ಸಂಬಳ ವರ್ಷಕ್ಕೆ 90,000 ಡಾಲರ್. ಇಷ್ಟು ರೊಕ್ಕ ಬರುವವನಿಗೆ ಎಂಥ ದುಃಖ ಎಂದು ಅಲ್ಲಿಯೂ ಕೇಳಿದರು. ಆತ ಕೋರ್ಟಿಗೆ ಹೋದ. 1970ರ ಹಂಗಾಮನ್ನೇ ಕಳೆದುಕೊಂಡ. 1972ರಲ್ಲಿ ಸುಪ್ರೀಂ ಕೋರ್ಟು 5-3ರಿಂದ ಆತನ ವಿರುದ್ಧ ತೀರ್ಪು ಕೊಟ್ಟಿತು.

ಆತ ಸೋತರೂ ಆತನ ಮಾತು ಸೋಲಲಿಲ್ಲ. ಆಟಗಾರರಿಗೊಂದು ಸಂಘವಿತ್ತು. ಅದರ ನಾಯಕ ಮಾರ್ವಿನ್ ಮಿಲ್ಲರ್ ಉಕ್ಕಿನ ಕಾರ್ಖಾನೆಗಳ ಕಾರ್ಮಿಕ ಸಂಘದಲ್ಲಿ ಪಳಗಿ, 1966ರಲ್ಲಿ ಆಟಗಾರರ ಕಡೆಗೆ ಬಂದವರು. ಆ ಸಂಘ ಬಿಡದೆ ಹೋರಾಡಿತು. 1975ರ ಡಿಸೆಂಬರಿನಲ್ಲಿ ಇಬ್ಬರು ಎಸೆತಗಾರರ ಪ್ರಕರಣದಲ್ಲಿ ಪಂಚರ ತೀರ್ಪು ಆಟಗಾರರ ಕಡೆಗಾಯಿತು. ಕರಾರು ಮುಗಿದವನು ತನ್ನ ಧಣಿಯನ್ನು ತಾನೇ ಆರಿಸಿಕೊಳ್ಳುವ ದಾರಿ ತೆರೆಯಿತು. ಉಕ್ಕಿನ ಕುಲುಮೆಯ ಮುಂದೆ ಕಲಿತ ಪಾಠ ಆಟದ ಬಯಲಿಗೂ ಸಾಕಾಯಿತು ಎಂಬುದನ್ನು ನಮ್ಮ ಗಿರಣಿಯ ಬಂಧುಗಳು ನೆನಪಿಡಲಿ. ಹಕ್ಕು ಎಂಬುದು ಸಂಬಳ ನೋಡಿ ಹುಟ್ಟುವುದಿಲ್ಲ. ದೊಡ್ಡ ಸಂಬಳದವನನ್ನೇ ಸರಕಾಗಿಸಿದವರು ಸಣ್ಣ ಸಂಬಳದವನನ್ನು ಏನಾಗಿಸಿಯಾರು?

ನಮ್ಮಲ್ಲಿ ಅಂಥ ಸಂಘ ಎಲ್ಲಿದೆ? 2019ರಲ್ಲಿ ಕ್ರಿಕೆಟ್ ಮಂಡಳಿ ಒಪ್ಪಿಕೊಂಡದ್ದು ಆಟ ಬಿಟ್ಟವರ ಸಂಘವನ್ನು. ಆಡುತ್ತಿರುವವರ ಪರವಾಗಿ ಮೇಜಿನ ಮುಂದೆ ಕೂರುವ ಸಂಘವಿಲ್ಲ. ನಿವೃತ್ತಿಯಾದ ಮೇಲೆ ಸಂಘ ಸೇರು ಎಂದು ಗಿರಣಿಯ ಮಾಲಿಕ ಹೇಳಿದರೆ ನಾವು ಒಪ್ಪುತ್ತೇವೆಯೆ?

ಇನ್ನು ಬೆಳೆಸಿದವರ ಪಾಲಿನ ಮಾತು. ನಮ್ಮ ಗದಗಿನ ಸುನಿಲ್ ಜೋಶಿ ಹುಡುಗನಾಗಿದ್ದಾಗ ಬೆಳಗಿನ ಜಾವ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದರು. ಆ ಎಡಗೈ ಬೌಲರ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರುಗಳಲ್ಲಿ 6 ರನ್ ಮಾತ್ರ ಕೊಟ್ಟು 5 ವಿಕೆಟ್ ಪಡೆದರು. ಇಂಥ ಬೌಲರನ ಹಿಂದೆ ಒಂದು ಮನೆಯಿರುತ್ತದೆ, ಒಂದು ಶಾಲೆಯಿರುತ್ತದೆ, ಪಗಾರವಿಲ್ಲದೆ ಕಲಿಸಿದ ಯಾರೋ ಒಬ್ಬರಿರುತ್ತಾರೆ. ಹಾರ್ದಿಕ್ ಪಾಂಡ್ಯ 2023ರಲ್ಲಿ ಗುಜರಾತಿನಿಂದ ಮುಂಬಯಿಗೆ ಹೋದಾಗ ಧಣಿಗಳ ನಡುವೆ ಕೈ ಬದಲಾದ ವರ್ಗಾವಣೆಯ ಹಣವೆಷ್ಟೆಂದು ಬಹಿರಂಗಪಡಿಸಲೇ ಇಲ್ಲ. ಜಗತ್ತಿನ ಫುಟ್‌ಬಾಲ್ ಸಂಸ್ಥೆ 2001ರಿಂದ ಒಂದು ನಿಯಮ ನಡೆಸಿಕೊಂಡು ಬಂದಿದೆ. ಕರಾರಿನ ನಡುವೆ ಆಟಗಾರನೊಬ್ಬ ಬೇರೆ ದೇಶದ ತಂಡಕ್ಕೆ ಹೋದರೆ, ವರ್ಗಾವಣೆಯ ಹಣದಲ್ಲಿ ನೂರಕ್ಕೆ 5 ಪಾಲು ಆತನನ್ನು 12ರಿಂದ 23ನೆಯ ವಯಸ್ಸಿನವರೆಗೆ ತಯಾರು ಮಾಡಿದ ಸಂಘಗಳಿಗೆ ಸೇರಬೇಕು. ಕಾಲ್ಚೆಂಡಿನವರಿಗೆ ತಿಳಿದ ಈ ನ್ಯಾಯ ಕ್ರಿಕೆಟಿನವರಿಗೆ ಯಾಕೆ ತಿಳಿಯಬಾರದು?

ಆದ್ದರಿಂದ ನಮ್ಮ ಬೇಡಿಕೆಗಳು ಸರಳವಾಗಿವೆ. ವಿನಿಮಯದ ಹಣ ಬಹಿರಂಗವಾಗಬೇಕು. ಆಟಗಾರನಿಗೆ ಬೇಡವೆನ್ನುವ ಹಕ್ಕಿನ ಜೊತೆ ಬೇರೆಡೆ ಕೇಳುವ ಹಕ್ಕೂ ಇರಬೇಕು. ಆಡುತ್ತಿರುವವರು ಸಂಘ ಕಟ್ಟಬೇಕು, ಮಂಡಳಿ ಅದನ್ನು ಒಪ್ಪಬೇಕು. ವರ್ಗಾವಣೆಯ ಹಣದಲ್ಲಿ ಒಂದು ಪಾಲು ಬೆಳೆಸಿದ ಊರಿಗೆ ಮರಳಬೇಕು. ಆಗ ರೋಣದ ಶಾಲೆಗೆ ಒಂದು ಅಭ್ಯಾಸದ ಬಲೆ ಬಂದೀತು, ಗಜೇಂದ್ರಗಡದ ನೇಕಾರನ ಮಗನಿಗೆ ಒಂದು ಜೊತೆ ಬೂಟು ಸಿಕ್ಕೀತು.

ಇದು ಆಟದ ಮಾತು, ಇದಕ್ಕೆ ಇಷ್ಟು ಗದ್ದಲವೇಕೆ ಎನ್ನುವವರು ನರಗುಂದದ ಕಡೆ ನೋಡಲಿ. ಕೇಳದೆ ಹೇರಿದ ಕರದ ಲೆಕ್ಕವನ್ನು ಅಲ್ಲಿಯ ರೈತರು 1980ರ ಜುಲೈ 21ರಂದು ಬೀದಿಗಿಳಿದು ಕೇಳಿದರು, ಗೋಲಿಬಾರನ್ನೂ ಎದುರಿಸಿದರು. ತನ್ನ ಬಾಳಿನ ಲೆಕ್ಕ ಬರೆಯುವಾಗ ತನ್ನನ್ನು ಕೇಳಬೇಕೆನ್ನುವುದು ಈ ಮಣ್ಣಿನ ಹಳೆಯ ಹಟ. ಅದು ಹೊಲಕ್ಕೂ, ಗಿರಣಿಗೂ, ಅಂಗಡಿಗೂ ಸಲ್ಲುವುದಾದರೆ ಆಟದ ಬಯಲಿಗೂ ಸಲ್ಲುತ್ತದೆ.