ಖಾಲಿಯಾಗದ ಗ್ಯಾಸು

ಕಾರಿನ ಏ.ಸಿ. ತಂಪುಗೊಡದಿದ್ದರೆ ನಮ್ಮ ಸೀಮೆಯಲ್ಲಿ ರೋಗನಿದಾನವು ಒಂದೇ: "ಗ್ಯಾಸ್ ಖಾಲಿ ಆಗ್ಯಾದ್ರೀ." ಔಷಧವೂ ಒಂದೇ: ತುಂಬಿಸುವುದು. ಬಾಡಿಗೆ ಕಾರು ಓಡಿಸಿ ಹೊಟ್ಟೆ ಹೊರೆಯುವವರಿಗೆ ಇದೊಂದು ವರ್ಷಾವರಿ ಕಂದಾಯವಾಗಿ ಪರಿಣಮಿಸಿದೆ. ಇದು ಅನ್ಯಾಯದ ಕಂದಾಯವೆಂದು ನನ್ನ ಅಭಿಪ್ರಾಯ.

ನಾನು ಯಂತ್ರಶಾಸ್ತ್ರ ಬಲ್ಲವನಲ್ಲ. ಮಸ್ಕಿಯ ಅಶೋಕ ಶಾಸನವು 1915ರಲ್ಲಿ ಬೆಳಕಿಗೆ ಬಂದಿತೆಂದು ಪರೀಕ್ಷೆಯಲ್ಲಿ ಬರೆದಿದ್ದೆನೇ ಹೊರತು, ಕಂಪ್ರೆಸರ್ ಎಲ್ಲಿರುತ್ತದೆಂಬುದನ್ನು ಅರಿಯೆ. ಆದರೆ ಸಿಂಧನೂರಿನಲ್ಲಿ ಕಾರು ಇಟ್ಟಿರುವ ನನ್ನ ಸೋದರಮಾವನವರು ಸತತ ಎರಡು ಬೇಸಿಗೆ ಗ್ಯಾಸು ತುಂಬಿಸಿದ್ದರು. ಮೂರನೆಯ ಬೇಸಿಗೆಯಲ್ಲಿ ಬಾಣಂತಿಯನ್ನೂ ಕೂಸನ್ನೂ ಲಿಂಗಸುಗೂರಿಗೆ ಕರೆದೊಯ್ಯುವಾಗ ನಾನೂ ಜೊತೆಗಿದ್ದೆ. ಓಡುವಾಗ ಅಷ್ಟಿಷ್ಟು ತಂಪು; ಮಸ್ಕಿಯಲ್ಲಿ ನಿಂತೊಡನೆ ಬಿಸಿಗಾಳಿ. ಕೂಸು ಅತ್ತಿತು. ಬಾಡಿಗೆಯಲ್ಲಿ ಏ.ಸಿ.ಯ ಹಣ ಮುರಿದುಕೊಂಡರು; ಮಾವ ತುಟಿ ಬಿಚ್ಚಲಿಲ್ಲ.

ಲಿಂಗಸುಗೂರಿನಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರು ಸಿಲಿಂಡರಿಗೆ ಕೈಹಾಕುವ ಮೊದಲು ಕೇಳಿದರು: "ಓಡುವಾಗ ತಂಪು, ನಿಂತಾಗ ಬಿಸಿ ಏನ್ರೀ?" ಅದುವರೆಗೆ ಯಾರೂ ಕೇಳದ ಪ್ರಶ್ನೆ! ರೇಡಿಯೇಟರಿನ ಮುಂದಿರುವ ಕಂಡೆನ್ಸರಿನ ಸಂದುಗಳಲ್ಲಿ ಭತ್ತದ ಹೊಟ್ಟು, ಧೂಳು ಗಿಡಿದು ಕೂತಿದ್ದವು. ತುಂಗಭದ್ರಾ ನಾಲೆಯ ನಾಡಿನಲ್ಲಿ ಕೊಯ್ಲಿನ ಕಾಲಕ್ಕೆ ಓಡುವ ಕಾರಿಗೆ ಇದು ತಪ್ಪಿದ್ದಲ್ಲ. ಗಾಳಿ ನುಗ್ಗದಿದ್ದರೆ ಸೆಕೆ ಹೊರಗೆ ಹೋಗುವುದೆಂತು? ಮತ್ತೊಂದು ಕೊಳವೆಯ ಕೀಲಿನಲ್ಲಿ ಎಣ್ಣೆಯ ಜಿಡ್ಡು ಕಂಡಿತು. ಗ್ಯಾಸಿನೊಡನೆ ಎಣ್ಣೆಯೂ ಸುತ್ತುವುದರಿಂದ ಸೋರಿದೆಡೆ ಜಿಡ್ಡು ನಿಲ್ಲುತ್ತದಂತೆ. ಸವೆದಿದ್ದುದು ಒಂದು ಸಣ್ಣ ರಬ್ಬರ್ ಉಂಗುರ.

ಈ ಗ್ಯಾಸು ಪೆಟ್ರೋಲಿನಂತೆ ಉರಿದುಹೋಗುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತ, ಒಳಗಿನ ಸೆಕೆಯನ್ನು ಹೀರಿ ಹೊರಗೆ ಚೆಲ್ಲುತ್ತದೆ. ಹಲವು ವರ್ಷಗಳಲ್ಲಿ ಅಲ್ಪಸ್ವಲ್ಪ ಕಡಿಮೆಯಾದೀತು. ವರ್ಷವರ್ಷವೂ ತುಂಬಿಸಬೇಕಾಯಿತೆಂದರೆ ಸೋರುತ್ತಿದೆಯೆಂದೇ ಅರ್ಥ. ಸೋರುವ ಕೊಡಕ್ಕೆ ನೀರು ಹೊಯ್ದು ಕೂಲಿ ಕೇಳುವವನಿಗೆ ನಾವು ಕೊಡುತ್ತೇವೆಯೇ?

ಸೋರಿದ್ದು ಎಲ್ಲಿಗೆ ಹೋಯಿತು? ನಮ್ಮಲ್ಲಿ ಬಹುತೇಕ ಕಾರುಗಳಲ್ಲಿರುವ ಆರ್-134ಎ ಅನಿಲವು ಓಝೋನನ್ನು ಕೆಡಿಸದಿದ್ದರೂ, ನೂರು ವರ್ಷಗಳ ಲೆಕ್ಕದಲ್ಲಿ, ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಕಾಯಿಸುತ್ತದೆ. ಇಂಥ ಅನಿಲಗಳನ್ನು ಕಡಿಮೆ ಮಾಡುವ 2016ರ ಕಿಗಾಲಿ ಒಪ್ಪಂದಕ್ಕೆ ಭಾರತವು 2021ರಲ್ಲಿ ಸಮ್ಮತಿಯಿತ್ತಿದೆ. ತಂಪಿಗೆಂದು ಮಾವ ಕೊಂಡದ್ದು ರಾಯಚೂರು ಸೀಮೆಯ ಬಿಸಿಲಿಗೇ ಸೇರಿತೆನ್ನಿ!

ಮೇಸ್ತ್ರಿಗಳನ್ನೇ ದೂರುವುದೂ ಸಲ್ಲದು. ಸೋರಿಕೆ ಹುಡುಕಲು, ಕೊಳವೆಯೊಳಗಿನ ಗಾಳಿ ತೇವಗಳನ್ನು ಪಂಪಿನಿಂದ ಹೀರಿ ತೆಗೆಯಲು, ತೂಗಿ ತುಂಬಲು ಹೊತ್ತು ಹಿಡಿಯುತ್ತದೆ. ಹೆಚ್ಚು ತುಂಬಿದರೂ ತಂಪು ಕೆಡುತ್ತದೆ. ಮಾವನವರೇ ಎರಡು ಸಲವೂ "ಲಗೂನ ಕೊಡ್ರೀ, ಬಾಡಿಗಿ ಐತಿ" ಎಂದು ಅವಸರ ಮಾಡಿದ್ದರೆಂದು ಆಮೇಲೆ ಒಪ್ಪಿಕೊಂಡರು. ಆದರೂ "ಎಲ್ಲಿ ಸೋರಿತು?" ಎಂದು ಕೇಳದೆ ಗ್ಯಾಸಿಗೆ ದುಡ್ಡು ಕೊಡಬಾರದು, ತೋರಿಸದೆ ಪಡೆಯಲೂಬಾರದು.

ಈಗ ಕೊಯ್ಲು ಮುಗಿದೊಡನೆ ಮಾವನವರು ಕಂಡೆನ್ಸರಿಗೆ ಮೆಲ್ಲನೆ ನೀರು ಹಾಯಿಸಿ ಹೊಟ್ಟು ತೊಳೆಯುತ್ತಾರೆ. ರಭಸದ ನೀರಿಗೆ ಅದರ ತಗಡಿನೆಸಳುಗಳು ಮಡಚುತ್ತವೆಂದು ನನಗೆ ಪೈಪು ಮುಟ್ಟಗೊಡುವುದಿಲ್ಲ.