ಕ್ಯಾಮ್ ಶಾಫ್ಟ್ ಕೊಳ್ಳೋವಾಗ ರೇಟ್ ಕೇಳೋಕೆ ಮುಂಚೆ ಡಿಗ್ರಿ ಕೇಳಿ

ಹೋದ ವರ್ಷ ಬಿತ್ತನೆಗೆ ಮುಂಚೆ ನನ್ನ ಟಿಲ್ಲರ್ ಇಂಜಿನ್ ಬಿಚ್ಚಿಸಿದ್ದೆ. ಕ್ಯಾಮ್ ಶಾಫ್ಟ್ ಸವೆದಿತ್ತು. "ಇದು ಹೈ ಲಿಫ್ಟ್ ಶಾಫ್ಟು, ಹಾಕ್ಸಿ, ಪವರ್ ಜಾಸ್ತಿ ಬರುತ್ತೆ" ಅಂದ್ರು. ಪವರ್ ಅಂದ ತಕ್ಷಣ ನಾನೂ ತಲೆ ಆಡಿಸ್ದೆ. ಆಮೇಲೆ ಬೆಳಿಗ್ಗೆ ಎಷ್ಟು ತಿರುಗಿಸಿದ್ರೂ ಬಿಳಿ ಹೊಗೆ. ಹೊಲಕ್ಕೆ ಇಳಿಸಿದ್ರೆ ನಿಧಾನದಲ್ಲಿ ಎಳೆಯೋಕೇ ಆಗ್ತಿರಲಿಲ್ಲ. ಮತ್ತೆ ಬಿಚ್ಚಿ ಬದಲಾಯಿಸೋದ್ರಲ್ಲಿ ಎಂಟು ದಿನ ಹೋಯ್ತು, ರಾಗಿ ಬಿತ್ತೋ ಹದ ಆರಿಹೋಯ್ತು. ನಮ್ಮ ಚುಂಚನಗಿರಿ ಸುತ್ತಿನ ಮಳೆ ಆಶ್ರಯದ ಹೊಲಕ್ಕೆ ಎಂಟು ದಿನ ಅಂದ್ರೆ ಏನು ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ನೋಡೋಕೆ ಒಂದೇ ಥರ ಇದ್ರೂ ಶಾಫ್ಟ್ ಒಂದೇ ಅಲ್ಲ. ಅಂಕಿ ನೋಡದೆ ಕೊಳ್ಳಬಾರದು.

ಮೊದಲನೇ ಅಂಕಿ ಲಿಫ್ಟ್. ಕ್ಯಾಮಿನ ಮೂಗು ಎಷ್ಟು ಎತ್ತುತ್ತೆ ಅನ್ನೋದು. ವರ್ನಿಯರ್‌ನಲ್ಲಿ ಮೂಗಿನ ಕಡೆಯಿಂದ ಒಟ್ಟು ಎತ್ತರ 36 ಮಿ.ಮೀ., ಗುಂಡಗಿರೋ ಕಡೆ 30 ಬಂದ್ರೆ ಲಿಫ್ಟ್ ಸುಮಾರು 6. ವಾಲ್ವ್ ಎಷ್ಟು ಇಳಿಯುತ್ತೆ ಅನ್ನೋದಕ್ಕೆ ರಾಕರ್ ಅನುಪಾತದಿಂದ ಗುಣಿಸ್ಬೇಕು. ಡೀಸೆಲ್ ಇಂಜಿನ್ನಲ್ಲಿ ಪಿಸ್ಟನ್ ವಾಲ್ವಿನ ತೀರಾ ಹತ್ತಿರ ಬರುತ್ತೆ, ಲಿಫ್ಟ್ ಹೆಚ್ಚಾದ್ರೆ ಹೊಡೆಯೋ ಅಪಾಯವೂ ಇದೆ.

ಎರಡನೇದು ಡ್ಯುರೇಷನ್. ವಾಲ್ವ್ ಎಷ್ಟು ಡಿಗ್ರಿ ತೆರೆದಿರುತ್ತೆ ಅಂತ. ಉದಾಹರಣೆಗೆ ಇನ್‌ಲೆಟ್ ವಾಲ್ವ್ ಪಿಸ್ಟನ್ ಮೇಲಿನ ತುದಿಗೆ 10 ಡಿಗ್ರಿ ಮುಂಚೆ ತೆರೆದು, ಕೆಳಗಿನ ತುದಿ ದಾಟಿ 40 ಡಿಗ್ರಿಗೆ ಮುಚ್ಚಿದ್ರೆ, 10+180+40, ಒಟ್ಟು 230. ಇದು ಕ್ರ್ಯಾಂಕಿನ ಡಿಗ್ರಿ. ಕ್ರ್ಯಾಂಕ್ ಎರಡು ಸುತ್ತು ತಿರುಗಿದ್ರೆ ಕ್ಯಾಮ್ ಒಂದೇ ಸುತ್ತು, ಹಾಗಾಗಿ ಕ್ಯಾಮ್ ಲೆಕ್ಕದಲ್ಲಿ ಅದೇ 115. ಒಂದು ಚೀಟಿಯಲ್ಲಿ ವಾಲ್ವ್ ಅಲುಗಾಡಿದ ಕೂಡಲೇ ಎಣಿಸಿರ್ತಾರೆ, ಇನ್ನೊಂದರಲ್ಲಿ 1 ಮಿ.ಮೀ. ಎದ್ದ ಮೇಲೆ. ಎರಡನ್ನೂ ಹೋಲಿಸೋದು ಸೇರಲ್ಲಿ ಅಳೆದ ರಾಗೀನ ಕೊಳಗದಲ್ಲಿ ಅಳೆದ ರಾಗಿ ಜೊತೆ ಹೋಲಿಸಿದಂಗೆ.

ನನಗೆ ಹೊಡೆತ ಬಿದ್ದದ್ದು ಇನ್‌ಲೆಟ್ ಮುಚ್ಚೋ ಡಿಗ್ರಿಯಲ್ಲಿ. ತಡವಾಗಿ ಮುಚ್ಚಿದ್ರೆ ಜೋರು ಓಟದಲ್ಲಿ ಗಾಳಿ ಚೆನ್ನಾಗಿ ತುಂಬುತ್ತೆ, ನಿಧಾನದಲ್ಲಿ ಒಳಗೆ ಬಂದ ಗಾಳಿ ವಾಪಸ್ ಹೋಗುತ್ತೆ. ಒತ್ತಡ ಕಮ್ಮಿ, ಶಾಖ ಕಮ್ಮಿ, ಡೀಸೆಲ್ ಹೊತ್ತೋದಿಲ್ಲ. ರೇಸ್ ಬೈಕಿಗೆ ಅದು ಸರಿ. ಉಳೋ ಇಂಜಿನ್ನಿಗೆ ಬೇಕಾದ್ದು ನಿಧಾನದ ಎಳೆತ.

ಇನ್ನೊಂದು ಮಾತು. ಎಷ್ಟೋ ಒಂಟಿ ಸಿಲಿಂಡರ್ ಡೀಸೆಲ್ ಇಂಜಿನ್ನಲ್ಲಿ ಡೀಸೆಲ್ ಪಂಪ್ ಒತ್ತೋ ಮೂಗೂ ಅದೇ ಶಾಫ್ಟಲ್ಲಿರುತ್ತೆ. ಅದನ್ನೂ ಹಳೇದರ ಪಕ್ಕ ಇಟ್ಟು ನೋಡಿ. ಹೊಸ ಶಾಫ್ಟಿಗೆ ಹಳೇ ಟ್ಯಾಪೆಟ್ ಹಾಕ್ಬೇಡಿ, ಬೇಗ ಸವೆಯುತ್ತೆ. ಟೈಮಿಂಗ್ ಗೇರಿನ ಗುರುತು ಕೂಡಿಸಿ, ಟ್ಯಾಪೆಟ್ ಗ್ಯಾಪ್ ಕಂಪನಿ ಪುಸ್ತಕದಲ್ಲಿ ಇದ್ದಷ್ಟೇ ಇಡಿಸಿ.

ಮೆಕ್ಯಾನಿಕ್ಕನ್ನ ಬೈದು ಪ್ರಯೋಜನ ಇಲ್ಲ, ಕೇಳದೇ ಇದ್ದದ್ದು ನಾನು. ಬಿತ್ತನೆ ಬೀಜ ಕೊಳ್ಳೋವಾಗ ಚೀಟಿ ಓದ್ತೀವಿ, ಇದಕ್ಕೂ ಓದೋಣ. ಊರಿಗೊಂದು ವರ್ನಿಯರ್ ಇದ್ರೆ ಸಾಕು. ಯಾರಿಗಾದ್ರೂ ಬೇಕಾದ್ರೆ ನನ್ನದೇ ಇದೆ, ಬಂದು ತಗೊಂಡು ಹೋಗಿ, ಕೆಲಸ ಆದ್ಮೇಲೆ ವಾಪಸ್ ಕೊಡಿ.